ಮುತ್ಯಾಲಮ್ಮನ ಕೈಗುಣ

ಶ್ರೀನಿವಾಸಪುರದ ಛತ್ರವೊಂದರಲ್ಲಿ ನೆಂಟರ ಮದುವೆ. ಹಿಂದಿನ ದಿನ ನನ್ನ ಟೆಂಪೋ ನಂಗಲಿ ಹತ್ತಿರ ಕೆಟ್ಟು ನಿಂತು, ಮದುವೆ ಮನೆಗೆ ತರುತ್ತೇನೆ ಎಂದಿದ್ದ ತರಕಾರಿ ಎರಡು ಗಂಟೆ ತಡವಾಗಿತ್ತು. ಅಷ್ಟಕ್ಕೇ ನನ್ನ ಮಾವ ಗಂಗುಲಪ್ಪ ಊಟದ ಸಾಲಿನಲ್ಲಿ ಕೂತು, ಬಡಿಸುವವರಿಗೆಲ್ಲ ಕೇಳುವ ಹಾಗೆ, "ನನ್ನ ಅಳಿಯ ಮಾತಿಗೆ ನಿಲ್ಲೋ ಗಂಡಸಲ್ಲ ಕಣ್ರಯ್ಯಾ. ಅವರ ವಂಶದಲ್ಲೇ ಅದಿಲ್ಲ" ಎಂದರು. ನನ್ನ ಎಲೆಗೆ ಆಗತಾನೆ ಸಾರು ಬಿಟ್ಟಿದ್ದರು. ಎಡಕ್ಕೂ ಬಲಕ್ಕೂ ಅವರ ಕಡೆಯ ನೆಂಟರೇ, ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ತಿಂದೆ. ಹತ್ತು ವರ್ಷವಾಯಿತು, ಆ ಅನ್ನ ಇನ್ನೂ ಅರಗಿಲ್ಲ.

ಬೈದದ್ದಕ್ಕೆ ಹೊಟ್ಟೆ ಉರಿಯಲಿಲ್ಲ. ಬೈಯಲು ನನಗೂ ಬರುತ್ತದೆ, ಅವರಿಗಿಂತ ಚೆನ್ನಾಗಿಯೇ ಬರುತ್ತದೆ. ದೇವರ ಮುಂದೆ ನಿಂತು ಕೊಟ್ಟ ಮಾತನ್ನು ಮುರಿದುಕೊಂಡು ಓಡಾಡುತ್ತಿದ್ದ ಮನುಷ್ಯ, ಅದು ನನಗೆ ಗೊತ್ತಿದೆ ಎಂದು ತಿಳಿದೂ, ಮಾತಿಗೆ ನಿಲ್ಲುವುದರ ಬಗ್ಗೆ ನನಗೇ ಹೇಳಿದರಲ್ಲ, ಅದಕ್ಕೆ.

ಆದರೂ ನಾನು ಬರೆಯಲು ಕೂತದ್ದು ಮಾವನ ಕಥೆಯನ್ನಲ್ಲ. ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಆ ಬುದ್ಧಿ ನಮ್ಮ ಮನೆಯ ಹೊಸ್ತಿಲು ದಾಟಿ ಹೋಗಿ ಒಬ್ಬ ಹೆಂಗಸಿನ ಬದುಕನ್ನು ಏನು ಮಾಡಿತು ಎಂಬುದನ್ನು ಬರೆಯಬೇಕು. ಅವಳ ಹೆಸರು ಮುತ್ಯಾಲಮ್ಮ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಓದಿದ್ದು ಆರನೇ ಕ್ಲಾಸು. ತಾಯಲೂರಿನ ಹತ್ತಿರದ ಹಳ್ಳಿಯೊಂದಕ್ಕೆ ಮನೆ ಅಳಿಯನಾಗಿ ಬಂದವನು. ಮಾವನಿಗೆ ಒಬ್ಬಳೇ ಮಗಳು, ಸುನಂದ. ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ, ಎಲ್ಲವೂ ಮಾವನ ಹೆಸರಿನಲ್ಲಿ. ನನ್ನದು ಅಂತ ಒಂದು ಟೆಂಪೋ, ಒಂದು ಸಿಟ್ಟು. ಇಪ್ಪತ್ತನಾಲ್ಕು ವರ್ಷವಾದರೂ ಊರಿನವರಿಗೆ ನಾನು 'ಅಳಿಯಂದ್ರು'. ಕದಿರೇಶಪ್ಪ ಎಂದು ಹೆಸರು ಹಿಡಿದು ಕರೆಯುತ್ತಿದ್ದವಳು ಮುತ್ಯಾಲಮ್ಮ ಒಬ್ಬಳೇ. ನನಗಿಂತ ಏಳೆಂಟು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ.

ಅವಳು ನಂಗಲಿಯಿಂದಾಚೆ, ಆಂಧ್ರದ ಕಡೆಯ ಹಳ್ಳಿಯವಳು. ಹದಿನೇಳಕ್ಕೆ ಮದುವೆಯಾಗಿ ನಮ್ಮ ಊರಿಗೆ ಬಂದಳು. ಗಂಡ ಲಾರಿಯಲ್ಲಿ ಕ್ಲೀನರು. ಮಗಳು ಅನಿತ ಮೂರು ವರ್ಷದವಳಿದ್ದಾಗ ಅವನು ನಂಗಲಿಯಲ್ಲಿ ಯಾವುದೋ ಲಾರಿ ಹತ್ತಿ ಹೋದವನು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಇಲ್ಲ, ಬದುಕಿರುವ ಸುದ್ದಿಯೂ ಇಲ್ಲ. ಹಣೆಗೆ ಕುಂಕುಮ ಇಟ್ಟುಕೊಂಡೇ ಇದ್ದಳು. ಯಾರಾದರೂ ಕೇಳಿದರೆ, "ಅವನು ಬಂದಾಗ ನನ್ನ ಗುರ್ತು ಸಿಗಬೇಕಲ್ಲ, ಅದಕ್ಕೆ" ಎಂದು ನಗುತ್ತಿದ್ದಳು.

ತವರಿನಿಂದ ಅವಳು ತಂದದ್ದು ಒಂದೇ ವಿದ್ಯೆ, ಹುಳು ನೋಡುವುದು. ಮೊಟ್ಟೆ ಒಡೆಸಿ ಮರಿಹುಳು ಮಾರುವ ಚಾಕಿ ಸೆಂಟರಿನಿಂದ ಅವನ್ನು ತಂದ ದಿನ ಮೊದಲ ಹಿಡಿ ಸೊಪ್ಪನ್ನು ಅವಳ ಕೈಯಿಂದಲೇ ಹಾಕಿಸುವುದು ನಮ್ಮ ಊರಿನಲ್ಲಿ ರೂಢಿಯಾಗಿತ್ತು. ಎಲೆ ಅಡಿಕೆ, ಕುಂಕುಮ ಇಟ್ಟುಕೊಂಡು ಹೋಗಿ ಕರೆಯುತ್ತಿದ್ದರು. ಗೂಡು ಬಿಡಿಸಿದ ದಿನ ಮೊದಲ ಬೊಗಸೆ ಗೂಡು ಅವಳ ಮಡಿಲಿಗೆ. ಅವಳ ಕೈಗುಣ ಒಳ್ಳೆಯದು ಎಂದು ಊರು ನಂಬಿತ್ತು. ಅದರಲ್ಲಿ ಮಾಯೆ ಮಂತ್ರ ಏನೂ ಇರಲಿಲ್ಲ. ಹುಳು ಸಾಕುವ ಇಪ್ಪತ್ತೈದು ದಿನ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ, ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ. ಸೀಗೆಪುಡಿ ಹಾಕಿ ಕೈ ತೊಳೆದು, ಬಾಗಿಲ ಬಳಿಯ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಆಮೇಲೆ ಅಂಗೈಯನ್ನು ಮೂಗಿಗೆ ಹಿಡಿದು ನೋಡಿ ಒಳಗೆ ಬರುತ್ತಿದ್ದಳು. ಹಣ್ಣಾದ ಹುಳುವನ್ನು ನಾವೆಲ್ಲ ಬೆಳಕಿಗೆ ಎತ್ತಿ ಹಿಡಿದು, ಮೈ ದ್ರಾಕ್ಷಿಯ ಹಾಗೆ ಹೊಳೆಯುತ್ತದೆಯೋ ಎಂದು ನೋಡಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತೇವೆ. ಅವಳಿಗೆ ಬೆಳಕು ಬೇಕಿರಲಿಲ್ಲ, ಎರಡು ಬೆರಳಿನಲ್ಲಿ ಮುಟ್ಟಿದರೆ ಸಾಕು.

ಹುಳು ಸೊಪ್ಪು ತಿನ್ನುವ ಸದ್ದು ಕೇಳಿಯೇ ಹೇಳುತ್ತಿದ್ದಳು, "ಆ ಮೂಲೇಲಿ ಸೊಪ್ಪು ಸಾಲ್ದು, ಹಾಕ್ರಮ್ಮಾ" ಎಂದು. ನಾನು ಕೂಗಾಡಿಕೊಂಡು ಬಾಗಿಲಿಗೆ ಬಂದರೆ ಕೈ ಅಡ್ಡ ಹಿಡಿಯುತ್ತಿದ್ದಳು. "ಕದಿರೇಶಪ್ಪ, ಚಪ್ಪಲಿ ಬಿಟ್ಟ ಹಂಗೆ ಕೋಪಾನೂ ಆಚೆ ಬಿಟ್ಟು ಬನ್ನಿ. ಹುಳ ಬೆಚ್ಚಿ ಬೀಳ್ತಾವೆ."

ಅವಳಿಗೆ ಹೊಲವಿಲ್ಲ. ಕೈಗುಣದ ಮೇಲೆಯೇ ಮಗಳನ್ನು ಓದಿಸಿದಳು, ಮಾಲೂರಿಗೆ ಮದುವೆ ಮಾಡಿ ಕೊಟ್ಟಳು. ಒಬ್ಬರ ಮನೆಯಲ್ಲಿ ಬೆಳೆ ಮುಗಿದರೆ ಇನ್ನೊಬ್ಬರ ಮನೆಯಲ್ಲಿ ಶುರು. ಊರಿನಲ್ಲಿ ಅವಳಿಗೆ ಮರ್ಯಾದೆ ಇದ್ದದ್ದೂ ಆ ಎರಡು ಕೈಯಿಂದಲೇ.

ಈಗ ನಮ್ಮ ಮನೆಯ ವಿಷಯ. ನನ್ನ ಅತ್ತೆ ಅಶ್ವತ್ಥಮ್ಮನಿಗೆ ಒಮ್ಮೆ ಕೋಲಾರದ ಆಸ್ಪತ್ರೆಯಲ್ಲಿ ಗರ್ಭಕೋಶದ ಆಪರೇಷನ್ ಆಗಿ, ರಕ್ತ ನಿಲ್ಲದೆ ಮೂರು ದಿನ ಅಲ್ಲೋ ಇಲ್ಲೋ ಎಂಬಂತಾಗಿತ್ತು. ಮಾವ ಆಸ್ಪತ್ರೆಯಿಂದ ನೇರ ಕುರುಡುಮಲೆಗೆ ಹೋಗಿ, ಗಣಪತಿಯ ಮುಂದೆ ನಿಂತು, ಹೆಂಡತಿ ಉಳಿದರೆ ಹೊಗೆಸೊಪ್ಪು ಬಿಡುತ್ತೇನೆ, ಮತ್ತೆ ಮುಟ್ಟಿದರೆ ಅವಳ ಜೀವ ನಿನ್ನದು ಎಂದು ಮಾತು ಕೊಟ್ಟರು. ಅತ್ತೆ ಉಳಿದರು. ಮಾವ ಹೊಗೆಸೊಪ್ಪು ಬಿಟ್ಟರು. ಬಿಟ್ಟದ್ದನ್ನು ಕಂಡ ಕಂಡವರಿಗೆಲ್ಲ ಹೇಳಿದರು. ಕೂಲಿಯವರ ಸೊಂಟದಿಂದ ಹೊಗೆಸೊಪ್ಪಿನ ಪೊಟ್ಟಣ ಕಿತ್ತು ಕಾಲುವೆಗೆ ಎಸೆಯುತ್ತಿದ್ದರು. "ಅದನ್ನ ಹಾಕೋ ಬಾಯಿ ಬಾಯಲ್ಲ, ಬಚ್ಚಲು" ಎನ್ನುತ್ತಿದ್ದರು. ಅತ್ತೆಗೆ ಎಷ್ಟು ಹೆಮ್ಮೆ! ನನ್ನ ಉಸಿರು ನಮ್ಮನೆಯೋರ ಬಾಯಲ್ಲಿದೆ ಎಂದು ಹೇಳಿಕೊಳ್ಳುತ್ತಿದ್ದರು.

ಹಾಗೆ ನಡೆದದ್ದು ಎರಡೇ ವರ್ಷ. ಒಂದು ದಿನ ನಾನು ಟೆಂಪೋ ತೆಗೆಯುತ್ತಿದ್ದಾಗ ಮಾವ ಬಂದು ಬೀಜದ ಖಾಲಿ ಕವರೊಂದನ್ನು ನನ್ನ ಜೇಬಿಗೆ ತುರುಕಿದರು.

"ನಂಗಲಿ ಕಡೆ ಹೋಗ್ತಿದ್ದೀಯಲ್ಲ. ಇದರಲ್ಲಿ ಒಂದಿಷ್ಟು ಹಾಕಿಸ್ಕೊಂಡು ಬಾ."

"ಏನನ್ನ ಮಾವ?"

"ಬಾಯಿ ಬಿಟ್ಟು ಹೇಳ್ಬೇಕೇನೋ? ಹಲ್ಲು ನೋವು ಕಣೋ. ಔಷಧಿ ಥರಾ."

ನನಗೆ ಸಿಟ್ಟು ಬರಲಿಲ್ಲ. ನಿಜ ಹೇಳುತ್ತೇನೆ, ಖುಷಿಯಾಯಿತು. ಆ ಮನೆಗೆ ಬಂದ ಮೇಲೆ ಮೊದಲ ಸಲ ಮಾವನಿಗೆ ನನ್ನಿಂದ ಏನೋ ಬೇಕಾಗಿತ್ತು. ತಂದುಕೊಟ್ಟೆ. ಆಮೇಲೆ ತಿಂಗಳಿಗೆರಡು ಸಲ ತಂದುಕೊಡುತ್ತಲೇ ಇದ್ದೆ. ಅವರು ಅದನ್ನು ಪುಡಿ ಮಾಡಿ ಹೆಗಲಿನ ಟವೆಲ್ಲಿನ ಮೂಲೆಗೆ ಗಂಟು ಹಾಕಿಕೊಳ್ಳುತ್ತಿದ್ದರು. ನನ್ನನ್ನು ಊಟದ ಸಾಲಿನಲ್ಲಿ ಮಾತಿಗೆ ನಿಲ್ಲದವನು ಎಂದಾಗಲೂ ಆ ಟವೆಲ್ಲು ಅವರ ಹೆಗಲ ಮೇಲೇ ಇತ್ತು.

ಕೊರೊನಾ ಮುಗಿದು ಜನ ಉಸಿರು ಬಿಟ್ಟ ವರ್ಷ. ನಮ್ಮ ಮನೆಯಲ್ಲಿ ಇನ್ನೂರು ಮೊಟ್ಟೆಯ ಹುಳು, ಎಂದರೆ ಇನ್ನೂರು ಚಿಟ್ಟೆ ಇಟ್ಟಷ್ಟು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದು, ಇನ್ನು ಮೂರ್ನಾಲ್ಕು ದಿನದಲ್ಲಿ ಹಣ್ಣಾಗಬೇಕು. ಅವು ಬಾಯಿ ತುಂಬ ತಿನ್ನುವ ಕಾಲ ಅದು. ಮಳೆ ಹಿಡಿದುಕೊಂಡಿತ್ತು, ಕಡಿದು ತಂದ ಸೊಪ್ಪೆಲ್ಲ ಒದ್ದೆ. "ಒದ್ದೆ ಸೊಪ್ಪು ಹಾಕ್ಬೇಡಿ, ಗಾಳಿಗೆ ಆರಲಿ. ನಾನು ಊಟ ಮಾಡಿ ಬರ್ತೀನಿ" ಎಂದು ಮುತ್ಯಾಲಮ್ಮ ಮಧ್ಯಾಹ್ನ ಮನೆಗೆ ಹೋದಳು. ಮಾವನಿಗೆ ತಾಳ್ಮೆ ಇಲ್ಲ. ಹುಳು ಹಸಿದುಕೊಂಡಿವೆ ಎಂದು, ಸೊಪ್ಪನ್ನು ಹೆಗಲಿನ ಟವೆಲ್ಲಿನಿಂದ ಒರೆಸಿ ಒರೆಸಿ, ಬಾಗಿಲ ಎಡಗಡೆಯ ರ‍್ಯಾಕಿಗೆಲ್ಲ ಹಾಕಿದರು. ನಾನು ಕಣ್ಣಾರೆ ಕಂಡೆ, ಸೊಪ್ಪಿನ ಕಂತೆ ಹೊತ್ತು ತಂದವನೇ ನಾನು. ಆ ಟವೆಲ್ಲು ಅಂತ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಬಲಗಡೆಯ ರ‍್ಯಾಕಿಗೆ ಆಮೇಲೆ ಮುತ್ಯಾಲಮ್ಮ ಬಂದು ಆರಿದ ಸೊಪ್ಪು ಹಾಕಿದಳು.

ಬೆಳಿಗ್ಗೆ ಬಾಗಿಲು ತೆಗೆದರೆ ಸದ್ದು ಅರ್ಧಕ್ಕರ್ಧ ಇಲ್ಲ. ಎಡಗಡೆಯ ಹುಳುಗಳೆಲ್ಲ ತಲೆಯನ್ನು ಹಿಂದಕ್ಕೆ ಎತ್ತಿ, ಎದೆ ಊದಿಸಿಕೊಂಡು, ಬಾಯಿಯಿಂದ ಹಸಿರು ನೀರು ಕಕ್ಕಿ ಬಿದ್ದಿದ್ದವು. ಬಲಗಡೆಯವು ತಮ್ಮ ಪಾಡಿಗೆ ತಾವು ತಿನ್ನುತ್ತಿದ್ದವು. ಮುತ್ಯಾಲಮ್ಮ ಎಡಗಡೆಯಿಂದ ಒಂದು ಎಲೆ ಎತ್ತಿ ಮೂಗಿಗೆ ಹಿಡಿದಳು.

"ಇದ್ರಲ್ಲಿ ಹೊಗೆಸೊಪ್ಪಿನ ವಾಸನೆ ಬರ್ತದೆ. ಈ ಕಡೆ ಸೊಪ್ಪು ಹಾಕಿದ್ದು ಯಾರಮ್ಮಾ?"

ಅವಳು ಯಾರ ಮೇಲೂ ಹೊರಿಸಲಿಲ್ಲ, ಕೇಳಿದಳು ಅಷ್ಟೇ. ಆದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹೊಗೆಸೊಪ್ಪು ಎಂಬ ಮಾತು ಕೇಳುತ್ತಲೇ ಅತ್ತೆಯ ಕಣ್ಣು ಮೆಲ್ಲಗೆ ಗಂಡನ ಕಡೆ ತಿರುಗಿತು. ಆ ಕಣ್ಣು ತಮ್ಮನ್ನು ಮುಟ್ಟುವ ಮೊದಲೇ ಮಾವ ಕೂಗಿದರು.

"ನಿನ್ನ ಬಿಟ್ಟು ಇನ್ಯಾರೇ? ಲಾರಿಯವನ ಜೊತೆ ಬಾಳಿದವಳು ನೀನು. ಹಾಕ್ಕೊಂಡು ಹಾಕ್ಕೊಂಡು ನನ್ನ ಹುಳಾನೆಲ್ಲ ಸಾಯ್ಸಿಬಿಟ್ಟಲ್ಲೇ!"

"ನಾನಾ?" ಮುತ್ಯಾಲಮ್ಮ ಸುತ್ತ ನೋಡಿದಳು. "ಯಜಮಾನ್ರೆ, ನಾನು ಹಾಕೋದು ಬರೀ ಎಲೆ ಅಡಿಕೆ. ಹುಳದ ಮನೇಲಿ ಅದನ್ನೂ ಮುಟ್ಟಲ್ಲ. ನಿಮ್ಗೆ ಗೊತ್ತಿಲ್ವಾ?"

ಬಿಳಿಚಿದ್ದ ಅತ್ತೆಯ ಮುಖಕ್ಕೆ ರಕ್ತ ತಿರುಗಿ ಬಂತು. ಗಂಡನ ಮಾತನ್ನು ನಂಬಿದರು. ನಂಬದಿದ್ದರೆ ತಮ್ಮ ಜೀವಕ್ಕೇ ಕುತ್ತು ಎಂಬುದು ಅವರ ಲೆಕ್ಕ.

ಮಾವ ಅಲ್ಲಿಗೆ ಬಿಡಲಿಲ್ಲ. ಬಿಟ್ಟರೆ ಯಾರಾದರೂ ಇನ್ನೊಮ್ಮೆ ಎಲೆ ಮೂಸಿ ನೋಡಿಯಾರು ಎಂಬ ಹೆದರಿಕೆ. ಅದೇ ಬೆಳಿಗ್ಗೆ, ಹಾಲಿನ ಡೈರಿಯ ಮುಂದೆ, ಊರೆಲ್ಲ ಕ್ಯಾನು ಹಿಡಿದು ಸಾಲು ನಿಂತಿದ್ದಾಗ, ಮುತ್ಯಾಲಮ್ಮನನ್ನು ತಡೆದು ನಿಲ್ಲಿಸಿದರು. ಅವಳ ಸೊಂಟದ ಎಲೆ ಅಡಿಕೆ ಸಂಚಿಯನ್ನು ಬಿಚ್ಚಿಸಿ ನೆಲಕ್ಕೆ ಸುರಿಸಿದರು. ಎರಡು ವೀಳ್ಯದೆಲೆ, ನಾಲ್ಕು ಹೋಳು ಅಡಿಕೆ, ಸುಣ್ಣದ ಡಬ್ಬಿ.

"ಇದೆಯಾ ಯಜಮಾನ್ರೆ? ನೋಡಿ. ಎಲ್ರೂ ನೋಡ್ರಪ್ಪಾ."

"ಬರೋ ದಾರೀಲಿ ಬಿಸಾಕಿದ್ದೀಯ. ಕಳ್ಳಿಗೆ ಅಷ್ಟೂ ಗೊತ್ತಾಗಲ್ವಾ?"

ಆಗ ಮುತ್ಯಾಲಮ್ಮ ನನ್ನ ಕಡೆ ನೋಡಿದಳು. ಒಂದೇ ಸಲ. ಸೊಪ್ಪಿನ ಕಂತೆ ತಂದವನು ನಾನೆಂದು ಅವಳಿಗೆ ಗೊತ್ತಿತ್ತು. ನನ್ನ ಬಾಯಿಯವರೆಗೆ ಮಾತು ಬಂತು. ಅಷ್ಟರಲ್ಲಿ ಸಾಲಿನಲ್ಲಿದ್ದ ವೆಂಕಟ್ ಎಂಬ ಹುಡುಗಾಟಿಕೆಯ ಮನುಷ್ಯ, "ಏ ಅಕ್ಕಾ, ನಮಗೂ ಒಂದ್ ಚಿಟಿಕೆ ಕೊಡೇ" ಎಂದು ನಕ್ಕ. ನಾನು ಕ್ಯಾನು ಎಸೆದು ಅವನ ಕೊರಳಪಟ್ಟಿ ಹಿಡಿದೆ. "ಏನ್ಲಾ ನಗ್ತೀಯಾ? ಹಲ್ಲು ಉದುರಿಸ್ಬಿಡ್ತೀನಿ ಮಗನೆ!" ಹಾಲು ಚೆಲ್ಲಿ ಹೋಯಿತು, ಅವನ ಅಂಗಿ ಹರಿಯಿತು, ನಾಲ್ಕು ಜನ ಸೇರಿ ನಮ್ಮನ್ನು ಬಿಡಿಸಿದರು. ಅವತ್ತಿನ ಡೈರಿ ಜಗಳ ಎಂದರೆ ಊರಿಗೆ ಈಗಲೂ ನೆನಪಿರುವುದು ಅದೇ. ಬಾಯಿಗೆ ಬಂದಿದ್ದ ಮಾತು ಆ ಗದ್ದಲದಲ್ಲಿ ಒಳಕ್ಕೆ ಹೋಯಿತು.

ಮುತ್ಯಾಲಮ್ಮ ಸಂಚಿಗೆ ಎಲೆ ತುಂಬಿಕೊಳ್ಳುತ್ತ ಹೇಳಿದಳು, "ಮಂಗಳವಾರ ಕುರುಡುಮಲೆಗೆ ಹೋಗಿ ಪ್ರಮಾಣ ಮಾಡ್ತೀನಿ. ನಾನು ಮುಟ್ಟಿಲ್ಲ ಅಂತ. ನೀವೂ ಬನ್ನಿ ಯಜಮಾನ್ರೆ, ನೀವೂ ನಿಮ್ಮದು ಹೇಳಿ."

ಮಾವನ ಮುಖ ಕಪ್ಪಿಟ್ಟಿತು. "ಕಳ್ಳತನ ಮಾಡಿದೋಳು ಪ್ರಮಾಣ ಮಾಡ್ಬೇಕು. ಕಳ್ಕೊಂಡೋನು ಯಾಕೆ ಮಾಡ್ಬೇಕು?"

ಊರಿನ ನಡಾವಳಿ ಹೀಗಿದೆ. ಪ್ರಮಾಣ ಮಾಡುವವರ ಎದುರಿಗೆ ಮಾತು ಹೊರಿಸಿದವರು ನಿಂತಿರಬೇಕು. ಎದುರಿಗೆ ಯಾರೂ ಇಲ್ಲದೆ ಮಾಡಿದ ಪ್ರಮಾಣ ಊರಿಗೆ ಸೇರುವುದಿಲ್ಲ. ಮಂಗಳವಾರ ಅವಳು ಒಬ್ಬಳೇ ಬಸ್ಸು ಹತ್ತಿ ಹೋದಳು. ಕರ್ಪೂರ ಹಚ್ಚಿ, ಕೈ ಒಡ್ಡಿ, ಹೇಳಬೇಕಾದ್ದನ್ನು ಹೇಳಿ ಬಂದಳು. ಊರಿನಲ್ಲಿ ಕೇಳಿದರು, ಗಂಗುಲಪ್ಪ ಇದ್ದರಾ? ಇರಲಿಲ್ಲ. ಹಾಗಾದರೆ ಅದು ಪ್ರಮಾಣವಲ್ಲ. ಹೋಗದಿದ್ದರೆ ತಪ್ಪು ಮಾಡಿದವಳು ಎನ್ನುತ್ತಿದ್ದರು. ಹೋಗಿ ಬಂದರೂ ಅದೇ ಆಯಿತು.

ಒಂದು ವಾರ ನಾನು ಊಟ ಸೇರದೆ ಓಡಾಡಿದೆ. ಕೊನೆಗೆ ಬೋರ್‌ವೆಲ್ ಹತ್ತಿರ ಮಾವ ಒಬ್ಬರೇ ಸಿಕ್ಕಾಗ ಹೇಳಿಯೇಬಿಟ್ಟೆ.

"ಮಾವ, ಆ ಟವೆಲ್ಲಲ್ಲಿ ಏನಿತ್ತು ಅಂತ ನನಗೆ ಗೊತ್ತು."

ಅವರು ಹೆದರಲಿಲ್ಲ. ಕಾಲು ತೊಳೆಯುತ್ತ, ತಲೆ ಎತ್ತದೆ ಕೇಳಿದರು, "ತಂದುಕೊಟ್ಟೋನು ಯಾರು?"

ಇನ್ನೊಂದು ಕಾಲನ್ನು ನೀರಿಗೆ ಒಡ್ಡಿದರು.

"ಹೋಗಿ ಹೇಳು. ನಿಮ್ಮತ್ತೆಗೆ ಹೇಳು. ಅವಳಿಗೆ ಎದೆ ಒಡೆದು ಏನಾದ್ರೂ ಆದ್ರೆ, ನಿನ್ನ ಹೆಂಡ್ತಿಗೂ ನೀನೇ ಹೇಳು, ನಂಗಲಿಯಿಂದ ತಂದಿದ್ದು ನಾನೇ ಅಂತ. ಮನೆ ಒಡೆಯೋ ಬುದ್ಧಿ ನಿನ್ನದು ಕಣೋ, ನನಗೆ ಮೊದಲೇ ಗೊತ್ತಿತ್ತು."

ಕಾಲು ಒರೆಸಿಕೊಂಡು ಹೋದರು. ನನ್ನ ಕೈಯಲ್ಲಿ ಸನಿಕೆ ಇತ್ತು, ಅದನ್ನು ಬದುವಿಗೆ ಹೊಡೆದೆ. ಹಿಡಿ ಮುರಿಯಿತು. ಅದರಿಂದ ಯಾರಿಗೇನು ಬಂತು?

ಮುಂದಿನ ಬೆಳೆಗೆ ಮುತ್ಯಾಲಮ್ಮನನ್ನು ಯಾರೂ ಕರೆಯಲಿಲ್ಲ. ಹೊಗೆಸೊಪ್ಪು ಹಾಕುತ್ತಾಳೆ ಎಂದು ನಂಬಿದವರು ಕಡಿಮೆ. ಆದರೆ ಒಂದು ಮನೆಯ ಹುಳು ಅವಳ ಕೈಯಲ್ಲಿ ಸತ್ತವಲ್ಲ, ಸುಮ್ಮನೆ ಯಾಕೆ ಎನ್ನುವವರೇ ಎಲ್ಲ. ಪಕ್ಕದ ಬೀದಿಯ ಭಾರತಮ್ಮ ಧೈರ್ಯ ಮಾಡಿ ಎಲೆ ಅಡಿಕೆ ಕೊಟ್ಟು ಕರೆದಿದ್ದಳು. ಮರಿಹುಳು ತರುವ ಹಿಂದಿನ ದಿನ ಬಂದು, "ಬೇಜಾರು ಮಾಡ್ಕೋಬೇಡ ಅಕ್ಕಾ, ನಮ್ಮನೆಯೋರು ಬೇಡ ಅಂತಾರೆ" ಎಂದಳು. ಮುತ್ಯಾಲಮ್ಮ ಆ ಎಲೆ ಅಡಿಕೆಯನ್ನು ಹಾಗೇ ತಂದು ವಾಪಸು ಕೊಟ್ಟಳಂತೆ. "ಇಟ್ಕೋ ಅಕ್ಕಾ" ಎಂದರೂ ಕೇಳಲಿಲ್ಲವಂತೆ.

ಹೊಟ್ಟೆ ಕೇಳಬೇಕಲ್ಲ. ಟೊಮೆಟೊ ಬಿಡಿಸುವ ಕೂಲಿಗೆ ಹೋದಳು. ಟೊಮೆಟೊ ಗಿಡದ ಹಸಿರು ಅಂಟು ಕೈಗೆ ಹತ್ತಿದರೆ ಕಪ್ಪಗಾಗಿ ನಿಂತುಬಿಡುತ್ತದೆ, ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಅದರ ಜೊತೆಗೆ ಗಿಡಕ್ಕೆ ಹೊಡೆದ ಔಷಧಿ. ಆ ಕೈಯನ್ನು ಹುಳುವಿನ ಮನೆಯ ಬಾಗಿಲಿಗೂ ತರುವ ಹಾಗಿಲ್ಲ. ಹುಳು ಸಾಯಿಸುವ ಕೈ ಎಂದು ಸುಳ್ಳು ಹೇಳಿ ಅವಳನ್ನು ಹೊರಗೆ ಹಾಕಿದರು. ಹೊರಗೆ ಹಾಕಿದ್ದರಿಂದ ಆ ಮಾತು ನಿಜವೇ ಆಯಿತು. ಇನ್ನು ಯಾರಾದರೂ ಮನಸ್ಸು ಬದಲಿಸಿ ಕರೆದರೂ ಅವಳೇ ಹೋಗುವಂತಿರಲಿಲ್ಲ.

ನಮ್ಮ ಮನೆಯಲ್ಲಿ ಮತ್ತೆ ಎರಡು ಬೆಳೆ ಹೋದವು. ಎರಡು ಸಲವೂ ಅದೇ ಹಸಿರು ನೀರು. ಬಾಗಿಲಲ್ಲಿ ಕೈ ಅಡ್ಡ ಹಿಡಿಯುವವಳು ಈಗ ಇರಲಿಲ್ಲ. ಮಾವ ಒಮ್ಮೆ ಸುನಂದಳನ್ನು ಬೈದರು, ಒಮ್ಮೆ ಪಕ್ಕದ ಹೊಲದ ಔಷಧಿ ಗಾಳಿಗೆ ಹಾರಿ ಬಂತು ಎಂದರು. ಆಮೇಲೆ ಹುಳು ಸಾಕುವುದನ್ನೇ ಬಿಟ್ಟು ಆ ಮನೆಗೆ ಮೇವು ತುಂಬಿದರು. ಹೊಗೆಸೊಪ್ಪು ತರುವುದನ್ನು ನಾನು ನಿಲ್ಲಿಸಿದೆ. ಬೇರೆ ಯಾರಿಂದಲೋ ತರಿಸಿಕೊಂಡರು.

ಎರಡು ವರ್ಷ ಕಳೆದ ಮೇಲೆ ಒಂದು ದಿನ, ಶ್ರೀನಿವಾಸಪುರದ ದಾರಿಯ ಒಂದು ತೋಟಕ್ಕೆ ಟೊಮೆಟೊ ಬಾಕ್ಸು ತುಂಬಿಕೊಳ್ಳಲು ಹೋಗಿದ್ದೆ. ಬಾಕ್ಸು ತುಂಬುತ್ತಿದ್ದ ಹೆಂಗಸರಲ್ಲಿ ಮುತ್ಯಾಲಮ್ಮನೂ ಇದ್ದಳು. ಊರಿನಲ್ಲಿ ಅವಳ ಬೀದಿ ತಪ್ಪಿಸಿ ಓಡಾಡುತ್ತಿದ್ದ ನನಗೆ ಹತ್ತು ವರ್ಷ ಹೆಚ್ಚಾದವಳ ಹಾಗೆ ಕಂಡಳು. ಕೈ ಮೊಣಕೈವರೆಗೆ ಕಪ್ಪು. ನೋಡುತ್ತಲೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವಳ ಮೇಲೆಯೇ ಬಂತು.

"ನಿನಗೆ ಬಾಯಿ ಇರ್ಲಿಲ್ವಾ ಅಕ್ಕಾ ಅವತ್ತು? ಎಡಗಡೆದು ಯಾರು ಹಾಕಿದ್ರು, ಬಲಗಡೆದು ಯಾರು ಹಾಕಿದ್ರು ಅಂತ ಊರೆಲ್ಲ ಕೇಳೋ ಹಂಗೆ ಕಿರುಚಬೇಕಾಗಿತ್ತು. ಬಾಯಿ ಮುಚ್ಕೊಂಡು ಸಂಚಿ ಕಟ್ಕೊಂಡು ಹೋದೆಯಲ್ಲ! ಹೇಳ್ಬೇಕಾದಾಗ ಹೇಳ್ದೆ ಈಗ ಈ ಕೈ ನೋಡ್ಕೊಂಡು ಕೂತ್ರೆ ಏನ್ ಬಂತು?"

ಉಳಿದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಮುತ್ಯಾಲಮ್ಮ ಬಾಕ್ಸಿನ ಮೇಲಿನ ಸಾಲಿನ ಹಣ್ಣು ಜೋಡಿಸಿ ಮುಗಿಸಿದಳು. ಆಮೇಲೆ ಎದ್ದು ನನ್ನನ್ನು ಟೆಂಪೋದ ಮರೆಗೆ ಕರೆದಳು.

"ಕದಿರೇಶಪ್ಪ, ನಾನು ಹೇಳ್ದೆ. ಮನೇಲೂ ಹೇಳ್ದೆ, ಡೈರೀಲೂ ಹೇಳ್ದೆ, ಗಣಪತಿ ಹತ್ರಾನೂ ಹೇಳ್ದೆ. ಸುಮ್ನಿದ್ದೋರು ಯಾರು?"

ನಾನು ಟೆಂಪೋದ ಬಾಗಿಲ ಕೊಂಡಿ ಹಾಕಿದೆ, ತೆಗೆದೆ.

"ನಾಕು ತೆಲುಸು," ಎಂದಳು ಅವಳ ತೆಲುಗಿನಲ್ಲಿ, ನನಗೆ ಗೊತ್ತಿದೆ ಎಂದು. "ಟವೆಲ್ಲೂ ಗೊತ್ತು. ನಂಗಲೀಲಿ ನೀವು ಯಾವ ಅಂಗಡೀಲಿ ತಗೋತಿದ್ರಿ ಅಂತಾನೂ ಗೊತ್ತು. ನಮ್ಮೋರು ಅಲ್ಲಿ ಇಲ್ವಾ? ಅಶ್ವತ್ಥಮ್ಮನೋರ ಮುಖ ನೋಡಿ ನಾನು ಯಜಮಾನ್ರ ಹೆಸರು ಎತ್ತಲಿಲ್ಲ. ನೀವು ಎತ್ತಬಹುದು ಅಂದ್ಕೊಂಡೆ. ಹೋಗ್ಲಿ, ಈಗ ಬಂದು ನನ್ನನ್ನೇ ಬೈತೀರಲ್ಲ, ಅದೂ ನಿಮ್ಮ ಮಾವನ ಹತ್ರಾನೇ ಕಲ್ತಿದ್ದಾ?"

ಆ ಮನುಷ್ಯನ ಹಾಗೆ ನಾನೆಂದೂ ಆಗುವುದಿಲ್ಲ ಎಂದುಕೊಂಡು ಇಪ್ಪತ್ತು ವರ್ಷ ಅವರ ಉಪ್ಪು ತಿಂದಿದ್ದೆ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

"ಏನು ಮಾಡ್ಲಿ ಹೇಳಕ್ಕಾ" ಎಂದೆ.

"ದುಡ್ಡು ಗಿಡ್ಡು ಬೇಡ. ಒಂದು ಮಾತು ನೀವು ನನಗೆ ಕೊಡಬೇಕು. ಅದೇ ಡೈರಿ ಮುಂದೆ, ಬೆಳಿಗ್ಗೆ ಹಾಲು ಹಾಕೋ ಹೊತ್ತಲ್ಲಿ. ಯಾರ ಹೆಸರೂ ಹೇಳ್ಬೇಡಿ. ಮುತ್ಯಾಲಮ್ಮ ಹೊಗೆಸೊಪ್ಪು ಮುಟ್ಟಿಲ್ಲ, ನಾನು ಕಂಡಿದ್ದೀನಿ ಅಂತ ಅಷ್ಟು ಹೇಳಿ ಸಾಕು."

"ನಾಳೆನೇ ಹೇಳ್ತೀನಿ."

ಮರುದಿನ ಹೋದೆ. ಸಾಲಿನಲ್ಲಿ ನನ್ನ ಮುಂದೆ ಮಾವ. ಹಾಲು ಅಳೆಸಿದೆ, ಚೀಟಿ ಇಸಿದುಕೊಂಡೆ, ಬಂದೆ. ಅವತ್ತು ಜನ ಕಡಿಮೆ ಇದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಮರುದಿನ ಜನ ಜಾಸ್ತಿ ಇದ್ದರು. ಹೆಸರು ಹೇಳದಿದ್ದರೂ ಊರು ಕೇಳುತ್ತದೆ, ಅವಳಲ್ಲದಿದ್ದರೆ ಮತ್ತೆ ಯಾರು ಎಂದು. ಮಧ್ಯಾಹ್ನದೊಳಗೆ ಅದು ಅತ್ತೆಯ ಕಿವಿಗೆ ಬೀಳುತ್ತದೆ. ಅತ್ತೆಗೆ ಆಗಲೇ ಉಸಿರಾಟದ ತೊಂದರೆ ಶುರುವಾಗಿತ್ತು. ಅವರು ಸ್ವಲ್ಪ ಸುಧಾರಿಸಲಿ ಎಂದು ಕಾದೆ. ಅವರು ಸುಧಾರಿಸಲಿಲ್ಲ. ಆರು ತಿಂಗಳು ನರಳಿ ಹೋದರು.

ಅತ್ತೆ ಹೋದರು, ಇನ್ನು ಹೇಳಬಹುದು ಎಂದುಕೊಂಡವನು ಆಗ ಕಂಡೆ, ನಾನು ನಿಂತ ಜಾಗ ಇನ್ನೂ ಇಕ್ಕಟ್ಟಾಗಿದೆ. ಮೊದಲಾಗಿದ್ದರೆ ಅದು ಹುಳು ಸತ್ತ ಮಾತು. ಈಗ ಹೇಳಿದರೆ, ಗಂಡ ಮಾತು ಮುರಿದದ್ದಕ್ಕೆ ಹೆಂಡತಿಯ ಜೀವ ಹೋಯಿತು ಎನ್ನುತ್ತದೆ ಊರು. ತಂದುಕೊಟ್ಟವನು ಅಳಿಯ ಎನ್ನುತ್ತದೆ. ಸುನಂದ ಆ ಮಾತನ್ನು ಕೇಳಿಸಿಕೊಂಡು ಅಪ್ಪನಿಗೂ ನನಗೂ ಒಂದೇ ಒಲೆಯ ಮೇಲೆ ಮುದ್ದೆ ತಿರುವಬೇಕು.

ಅಷ್ಟು ಹೊತ್ತಿಗೆ ಮುತ್ಯಾಲಮ್ಮ ಊರು ಬಿಟ್ಟಿದ್ದಳು. ಮಾಲೂರಿನಲ್ಲಿ ಮಗಳು ಅನಿತಳ ಮನೆ ಸೇರಿದ್ದಳು. ಕಳೆದ ವರ್ಷ ಇಟ್ಟಿಗೆ ತರಲು ಆ ಕಡೆ ಹೋದಾಗ ಕೇಳಿಕೊಂಡು ಹೋದೆ. ಶೀಟಿನ ಮನೆ. ಬಾಗಿಲಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದಳು. ಕೈಯ ಕಪ್ಪು ಹೋಗಿತ್ತು. ನೋಡಿ ಗಾಬರಿಯಾಗಲಿಲ್ಲ, ನೀರು ತಂದುಕೊಟ್ಟಳು, ಸುನಂದ ಹೇಗಿದ್ದಾಳೆ ಎಂದು ಕೇಳಿದಳು.

"ಅಕ್ಕಾ, ನೀನು ಹೊಗೆಸೊಪ್ಪು ಮುಟ್ಟಿಲ್ಲ. ನಾನು ಕಂಡಿದ್ದೀನಿ. ನನ್ನದು ತಪ್ಪಾಯ್ತು" ಎಂದೆ.

ಅವಳು ದಾರ ಹಿಡಿದ ಬೆರಳನ್ನು ನಿಲ್ಲಿಸಿದಳು. "ಇಲ್ಲಿ ಯಾಕೆ ಹೇಳ್ತೀರಾ? ಇಲ್ಲಿ ನನ್ನನ್ನ ಯಾರೂ ಏನೂ ಅಂದಿಲ್ಲ."

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅತ್ತೆ ತೀರಿಕೊಂಡದ್ದು, ಈಗ ಬಾಯಿ ಬಿಟ್ಟರೆ ಆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು. ಅವಳು ಕೊನೆಯವರೆಗೆ ಕೇಳಿದಳು.

"ಅಶ್ವತ್ಥಮ್ಮನೋರು ನನಗೆ ಹಬ್ಬಕ್ಕೆ ಸೀರೆ ಕೊಡ್ತಿದ್ರು. ಪಾಪ" ಎಂದಳು. ಇನ್ನೊಂದು ಹೂವು ಕಟ್ಟಿ, "ಹೇಳೋಕಾಗಲ್ಲ ಅಂದ್ರೆ ಹೇಳ್ಬೇಡಿ ಕದಿರೇಶಪ್ಪ. ಸುನಂದಮ್ಮನ ಸಂಸಾರ ನನಗೆ ಬೇಡ್ವಾ? ಆದ್ರೆ ನಾನು ಬಿಟ್ಟೆ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ. ನೀವು ನನಗೆ ಕೊಡ್ಬೇಕಾದ್ದು ಕೊಡ್ಬೇಕಾದ್ದೇ" ಎಂದಳು.

ಕೋಪ ಇರಲಿಲ್ಲ ಅವಳ ದನಿಯಲ್ಲಿ. ಕೋಪವಿದ್ದಿದ್ದರೆ ನಾನೂ ಕೂಗಾಡಿ ಹಗುರಾಗಿ ಬರುತ್ತಿದ್ದೆ.

ಊರಿನ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಉಳಿದವರ ಹೆಸರುಗಳನ್ನೂ ಬದಲಿಸಿದ್ದೇನೆ, ನನ್ನದೂ ಸೇರಿ. ಅವಳ ಹೆಸರು ಮಾತ್ರ ನಿಜ. ಹೀಗೆ ಬರೆದದ್ದರಿಂದ ತೀರುತ್ತದೆ ಎಂದು ನಾನು ಅಂದುಕೊಂಡಿಲ್ಲ. ಅವಳು ಕೇಳಿದ್ದು ಡೈರಿಯ ಮುಂದೆ, ಹಾಲು ಹಾಕುವ ಹೊತ್ತಿನಲ್ಲಿ. ಇವತ್ತು ಬೆಳಿಗ್ಗೆಯೂ ಮಾವ ಮುಂದೆ, ನಾನು ಹಿಂದೆ ಸಾಲಿನಲ್ಲಿ ನಿಂತಿದ್ದೆವು. ಊರಿನ ಅರ್ಧ ಜನ ಅಲ್ಲೇ ಇದ್ದರು. ನಮ್ಮ ಸರದಿ ಬಂತು, ಹಾಲು ಸುರಿದೆವು, ಖಾಲಿ ಕ್ಯಾನು ಎತ್ತಿಕೊಂಡು ಇಬ್ಬರೂ ಮನೆಗೆ ಬಂದೆವು.